ಟ್ರೇಲರ್ ಎಳೆಯಲು, ಕಚ್ಚಾ ದಾರಿ ಹತ್ತಲು ಸೆಕೆಂಡ್ ಹ್ಯಾಂಡ್ ಡೀಸೆಲ್ ಫೋರ್ ಬೈ ಫೋರ್: ಬೆಂಗಳೂರಿನಲ್ಲಿ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಮೀಟರ್, ಆಮೇಲೆ ಎಂಜಿನ್ ಸದ್ದು. ಒಂದು ರೌಂಡ್ ಹೊಡೆದು ಬಂದು ಬೆಲೆಗೆ ಕೂರುತ್ತಾರೆ. ಕಾಗದಪತ್ರ ಕೊನೆಗೆ, ಗಾಡಿಯ ಕೆಳಗೆ ಮಲಗಿ ನೋಡುವವರು ಅಪರೂಪ. ಊರೊಳಗೆ ಓಡಿಸುವ ಕಾರಿಗೆ ಇಷ್ಟು ನಡೆದೀತು. ಟ್ರೇಲರ್ ಎಳೆಯಬೇಕಾದ, ಸಕಲೇಶಪುರದ ಎಸ್ಟೇಟ್ ದಾರಿಯಲ್ಲಿ ಮಳೆಗಾಲದಲ್ಲೂ ಹತ್ತಬೇಕಾದ ಡೀಸೆಲ್ ಗಾಡಿಗೆ ಈ ಕ್ರಮ ತಿರುಗುಮುರುಗಾಗಬೇಕು. ಇಂಜೆಕ್ಟರ್ ಹೋದರೆ ದುಡ್ಡು ಕೊಟ್ಟು ಸರಿಮಾಡಿಸಬಹುದು. ಬಿರುಕು ಬಿಟ್ಟ ಚಾಸಿಸ್, ಆರ್‌ಸಿಗೆ ಹೊಂದದ ಎಂಜಿನ್ ನಂಬರ್, ಇವೆರಡಕ್ಕೆ ಮದ್ದಿಲ್ಲ. ಹಾಗಾಗಿ ಸರಿಮಾಡಿಸಲಾಗದ್ದನ್ನು ಮೊದಲು ನೋಡಿ, ಸರಿಮಾಡಿಸಬಹುದಾದ್ದನ್ನು ಆಮೇಲೆ. ತೂಕದ ಲೆಕ್ಕ, ಕಾಗದ, ಚಾಸಿಸ್, ಫೋರ್ ವೀಲ್ ವ್ಯವಸ್ಥೆ, ಎಂಜಿನ್, ರಸ್ತೆ. ಬಣ್ಣ ಲೆಕ್ಕಕ್ಕೇ ಇಲ್ಲ.

ಮೊದಲು ತೂಕ, ಆಮೇಲೆ ಮಾಡೆಲ್

ಏನನ್ನು ಎಳೆಯುತ್ತೀರಿ ಎಂಬುದನ್ನು ಕಿಲೋ ಲೆಕ್ಕದಲ್ಲಿ ಬರೆದಿಡಿ. ಎರಡು ಡರ್ಟ್ ಬೈಕ್ ಹೇರಿದ ಸಣ್ಣ ಟ್ರೇಲರ್ 500–600 ಕಿಲೋದಲ್ಲಿ ಮುಗಿಯುತ್ತದೆ. ಕುದುರೆ ಟ್ರೇಲರ್ ಎಂದರೆ ಕುದುರೆಯೇ 450–500 ಕಿಲೋ, ಮೇಲೆ ಟ್ರೇಲರಿನ ತೂಕ. ಸಾಮಾನು ತುಂಬಿದ ಕ್ಯಾರವಾನ್ ಸುಲಭವಾಗಿ ಟನ್ ದಾಟುತ್ತದೆ. ಟ್ರೇಲರ್ ಈಗಾಗಲೇ ಇದ್ದರೆ ಅಂದಾಜು ಮಾಡುತ್ತ ಕೂರಬೇಡಿ, ವೇ-ಬ್ರಿಡ್ಜ್ ಮೇಲೆ ನಿಲ್ಲಿಸಿ ಚೀಟಿ ತೆಗೆಸಿ.

ಟ್ರೇಲರಿನ ಒಟ್ಟು ತೂಕದ ಸುಮಾರು ಶೇ. 10ರಷ್ಟು ಟೋ ಬಾಲ್ (ಟ್ರೇಲರ್ ಕೂರುವ ಗುಂಡು) ಮೇಲೆ ಕೂರಬೇಕು. ಅದಕ್ಕಿಂತ ತೀರಾ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸಲು ಶುರುಮಾಡುತ್ತದೆ; ಜಾಸ್ತಿಯಾದರೆ ಗಾಡಿಯ ಮುಂಭಾಗ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಈ ಬಾಲ್ ತೂಕ ಗಾಡಿಯ ಹೊರೆ ಸಾಮರ್ಥ್ಯಕ್ಕೆ ಸೇರುತ್ತದೆ ಎಂಬುದನ್ನು ಬಹಳಷ್ಟು ಮಂದಿ ಮರೆಯುತ್ತಾರೆ. ಒಂದು ಲೆಕ್ಕ ಹಾಕಿ ನೋಡೋಣ. ಖಾಲಿ ಗಾಡಿ 1,950 ಕಿಲೋ, ಗರಿಷ್ಠ ಒಟ್ಟು ತೂಕ 2,600 ಎಂದಿಟ್ಟುಕೊಳ್ಳಿ. ಉಳಿದದ್ದು 650. ನಾಲ್ವರು ಹತ್ತಿದರೆ 280 ಹೋಯಿತು. ಸಾಮಾನು, ನೀರಿನ ಕ್ಯಾನು 120. ರೂಫ್ ರ‍್ಯಾಕ್ ಮತ್ತು ಟೆಂಟ್ 90. ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯುವ ಮೋಟಾರು ರಾಟೆ) ಮತ್ತದರ ಮೌಂಟ್ 60. ಒಂದು ಟನ್ ಟ್ರೇಲರಿನ ಬಾಲ್ ತೂಕ 100. ಅಲ್ಲಿಗೆ ಸರಿಯಾಗಿ 650, ಇನ್ನೊಂದು ಚೀಲಕ್ಕೂ ಜಾಗವಿಲ್ಲ. ಎರಡೂ ಅಂಕಿ ಆರ್‌ಸಿಯಲ್ಲೋ ಮಾಲೀಕರ ಕೈಪಿಡಿಯಲ್ಲೋ ಸಿಗುತ್ತವೆ.

ಎಳೆಯುವ ಸಾಮರ್ಥ್ಯದ ಅಂಕಿಯನ್ನು ನಮ್ಮಲ್ಲಿ ಎಲ್ಲ ಕಂಪನಿಗಳೂ ಕೈಪಿಡಿಯಲ್ಲಿ ಅಚ್ಚು ಮಾಡುವುದಿಲ್ಲ. ಆಸ್ಟ್ರೇಲಿಯಾದ ಜಾಹೀರಾತಿನಲ್ಲಿ ಅದೇ ಹೆಸರಿನ ಗಾಡಿ 3 ಟನ್ ಎಳೆಯುತ್ತದೆ ಎಂದಿದ್ದರೆ ಅದನ್ನು ಇಲ್ಲಿಗೆ ಹೊತ್ತು ತರಬೇಡಿ. ಹಿಚ್ (ಟ್ರೇಲರ್ ಕಟ್ಟುವ ಕೊಂಡಿ), ಸ್ಪ್ರಿಂಗ್, ಕೂಲಿಂಗ್ ಬೇರೆ ಇರಬಹುದು. ಬ್ರೇಕ್ ಇಲ್ಲದ ಟ್ರೇಲರಿಗೆ 750 ಕಿಲೋ ಮಿತಿ ಎಂಬುದು ಹಲವು ದೇಶಗಳ ನಿಯಮ. ಇಲ್ಲಿಯೂ ಅದನ್ನೇ ಇಟ್ಟುಕೊಳ್ಳಿ. ಚಾರ್ಮಾಡಿ ಇಳಿಯುವಾಗ ಯಾಕೆಂದು ಗೊತ್ತಾಗುತ್ತದೆ. ಟ್ರೇಲರಿಗೂ ಸ್ವಂತ ನೋಂದಣಿ ಬೇಕು, ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ನಂಬರಿಲ್ಲದ ಟ್ರೇಲರ್ ಅಪಘಾತವಾದ ದಿನ ಇನ್ಶೂರೆನ್ಸನ್ನೂ ಮುಳುಗಿಸುತ್ತದೆ.

ಈಗ ಮಾಡೆಲ್. ಎಳೆಯುವ ಕೆಲಸಕ್ಕೆ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) ಉದ್ದವಿದ್ದಷ್ಟೂ ಒಳ್ಳೆಯದು, ಕಚ್ಚಾ ದಾರಿಯ ತಿರುವು, ದಿಬ್ಬಗಳಿಗೆ ಗಿಡ್ಡವಿದ್ದಷ್ಟೂ ಒಳ್ಳೆಯದು. ಎರಡೂ ಬೇಕೆನ್ನುವವರು ನಡುವೆ ಎಲ್ಲೋ ರಾಜಿಯಾಗಬೇಕು.

ಮಹೀಂದ್ರ ಥಾರ್, 2010ರ ಮೊದಲ ಪೀಳಿಗೆಯದಾಗಲಿ 2020ರದ್ದಾಗಲಿ, ಕಚ್ಚಾ ದಾರಿಗೆ ಹೇಳಿ ಮಾಡಿಸಿದ್ದು. ಬಿಡಿಭಾಗ ಯಾವ ಊರಲ್ಲೂ ಸಿಗುತ್ತದೆ. ಆದರೆ ವೀಲ್‌ಬೇಸ್ ಎರಡೂವರೆ ಮೀಟರ್‌ಗಿಂತ ಕಡಿಮೆ, ಭಾರದ ಟ್ರೇಲರ್ ಅದನ್ನು ತಳ್ಳಿಕೊಂಡು ಹೋಗುತ್ತದೆ. ಫೋರ್ಸ್ ಗೂರ್ಖಾದ ಬಲ ಮುಂದೆ ಹಿಂದೆ ಎರಡೂ ಕಡೆ ಸಿಗುವ ಡಿಫರೆನ್ಷಿಯಲ್ ಲಾಕ್, ಅಂದರೆ ಒಂದು ಚಕ್ರ ಸುಮ್ಮನೆ ಸುತ್ತಿದರೂ ಜೊತೆಯ ಚಕ್ರಕ್ಕೆ ಬಲ ಹೋಗುವಂತೆ ಮಾಡುವ ಬೀಗ. ಹಳೆಯ ಗೂರ್ಖಾ ಹೈವೇಯಲ್ಲಿ ತಾಳ್ಮೆ ಪರೀಕ್ಷಿಸುತ್ತದೆ. ಇಸುಜು ವಿ-ಕ್ರಾಸ್ 3,095 ಮಿ.ಮೀ. ವೀಲ್‌ಬೇಸಿನ ಪಿಕಪ್, ಟ್ರೇಲರ್ ಹಿಂದಿದ್ದರೂ ನೇರ ಹೋಗುತ್ತದೆ, ಆದರೆ ಎಸ್ಟೇಟಿನ ಹೇರ್‌ಪಿನ್‌ನಲ್ಲಿ ಎರಡು ಸಲ ರಿವರ್ಸ್ ತೆಗೆಯಬೇಕು. ಟಾಟಾ ಸಫಾರಿ ಸ್ಟಾರ್ಮ್ ಫೋರ್ ಬೈ ಫೋರ್ ಕೊಟ್ಟ ಬೆಲೆಗೆ ತುಂಬಾ ಗಾಡಿ, ಎಲೆಕ್ಟ್ರಿಕಲ್ ತರಲೆ ಸಹಿಸುವ ಮನಸ್ಸಿದ್ದರೆ. ಟೊಯೋಟಾ ಫಾರ್ಚುನರ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ; ಮರುಮಾರಾಟದ ಬೆಲೆ ಎಷ್ಟಿದೆಯೆಂದರೆ ಕೆಟ್ಟದ್ದನ್ನೂ ಒಳ್ಳೆಯದರ ರೇಟಿಗೆ ಮಾರುತ್ತಾರೆ. ಫೋರ್ಡ್ ಎಂಡೆವರ್‌ನ 3.2 ಲೀಟರ್ ಐದು ಸಿಲಿಂಡರ್ ಎಂಜಿನ್ ಎಳೆಯುವುದಕ್ಕೆ ಈ ಪಟ್ಟಿಯಲ್ಲೇ ನಮ್ಮ ಮೆಚ್ಚಿನದು. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಬಿಡಿಭಾಗಕ್ಕೆ ಕಾಯುವ ತಾಳ್ಮೆ ಬೇಕು.

ಹೆಕ್ಸಾ, ಎಕ್ಸ್‌ಯುವಿ 500ರಂಥ ಗಾಡಿಗಳ ಹಿಂದೆ ಫೋರ್ ಬೈ ಫೋರ್ ಎಂದೋ ಆಲ್ ವೀಲ್ ಡ್ರೈವ್ ಎಂದೋ ಬರೆದಿದ್ದರೂ ಅವಕ್ಕೆ ಲೋ ರೇಂಜ್ ಗೇರ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಹೆಚ್ಚುವರಿ ಗೇರ್) ಇಲ್ಲ. ಒದ್ದೆ ಹುಲ್ಲಿನಲ್ಲಿ, ಮರಳಿನಲ್ಲಿ ಪರವಾಗಿಲ್ಲ. ಹೊರೆ ಹೊತ್ತು ಕಲ್ಲುದಾರಿಯಲ್ಲಿ ಆಮೆ ವೇಗದಲ್ಲಿ ಹತ್ತಿಳಿಯಲು ಲೋ ರೇಂಜ್ ಬೇಕೇ ಬೇಕು.

ಕಾಗದ: ಗಾಡಿ ನೋಡಲು ಹೊರಡುವ ಮುಂಚೆ

ನೋಂದಣಿ ಸಂಖ್ಯೆ ತರಿಸಿಕೊಂಡು ವಾಹನ್ ಪೋರ್ಟಲ್‌ನಲ್ಲೋ ಎಂ-ಪರಿವಾಹನ್ ಆ್ಯಪ್‌ನಲ್ಲೋ ಹಾಕಿ. ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯೇ, ಇನ್ಶೂರೆನ್ಸ್ ಎಲ್ಲಿಯವರೆಗೆ, ಎಫ್‌ಸಿ ಎಂದಿನವರೆಗೆ, ಎಲ್ಲ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಸಂಚಾರ ದಂಡ ಬಾಕಿ ಬೇರೆ ನೋಡಿ. ಮಾತು ಮುಂದುವರಿದರೆ ಆರ್‌ಟಿಒ ಕಚೇರಿಯಿಂದ ಬಿ-ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ನಕಲು) ತೆಗೆಸಿ. ಆ್ಯಪ್ ತೋರಿಸದ ಸಂಗತಿಗಳು, ಅಂದರೆ ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಗಿದ್ದು, ಹಳೆಯ ಸಾಲ, ತೆರಿಗೆ ಕಟ್ಟಿದ ವಿವರ ಅದರಲ್ಲಿ ಬರುತ್ತವೆ. ಬ್ರೋಕರ್ 'ಅದೆಲ್ಲ ಬೇಡ ಸಾರ್, ಆ್ಯಪ್‌ನಲ್ಲೇ ಇದೆಯಲ್ಲ' ಎಂದರೆ ಖಂಡಿತ ತೆಗೆಸಿ.

ನಂತರ ಬಾನೆಟ್ ಎತ್ತಿ, ಚಾಸಿಸ್ ಪಕ್ಕ ಬಗ್ಗಿ, ಎಂಜಿನ್ ನಂಬರ್ ಮತ್ತು ಚಾಸಿಸ್ ನಂಬರನ್ನು ನಿಮ್ಮ ಕಣ್ಣಿನಿಂದಲೇ ಓದಿ ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ಮಾಡಿ. ಅಕ್ಕಪಕ್ಕದ ಲೋಹ ಉಜ್ಜಿದಂತಿದ್ದರೆ, ಅಂಕಿಗಳ ಆಳ ಒಂದೇ ಸಮ ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್ ಹೊರಡಿ. ಹಳೆಯ ಎಂಎಂ 540, 550 ಜೀಪುಗಳಿಗೆ ಬೇರೆ ಎಂಜಿನ್ ಕೂರಿಸಿದ್ದು ಬಹಳ. ಆರ್‌ಸಿಯಲ್ಲಿ ನಮೂದಾಗದ ಎಂಜಿನ್ ಎಷ್ಟೇ ಚೆನ್ನಾಗಿರಲಿ, ಕಾನೂನಿನ ಮುಂದೆ ಆ ಗಾಡಿ ಆ ಗಾಡಿಯೇ ಅಲ್ಲ. ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡುಗಳನ್ನು ತಡೆಯುತ್ತದೆ. ಮುಂದಿನ ಕಬ್ಬಿಣದ ಬುಲ್ ಬಾರ್ ವಿರುದ್ಧವೂ 2017ರ ಕೊನೆಗೆ ಕೇಂದ್ರ ಸಾರಿಗೆ ಸಚಿವಾಲಯ ಸೂಚನೆ ಹೊರಡಿಸಿದೆ. 'ಎಕ್ಸ್‌ಟ್ರಾ ಫಿಟ್ಟಿಂಗ್ ಎರಡು ಲಕ್ಷದ್ದು ಸಾರ್' ಎಂದು ಬೆಲೆ ಏರಿಸಿದರೆ, ಬಿಚ್ಚಿಸುವ ಖರ್ಚು ನಮ್ಮದೇ ಎಂದು ತಿರುಗಿ ಹೇಳಬಹುದು.

ಹೊರರಾಜ್ಯದ ಗಾಡಿ ಅಗ್ಗ ಎನ್ನಿಸುವುದು ತೆರಿಗೆ ಲೆಕ್ಕ ಹಾಕುವವರೆಗೆ ಮಾತ್ರ. ದೆಹಲಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿಯ ನಿಷೇಧದ ಆದೇಶ ಬಂದಂದಿನಿಂದ ಅಲ್ಲಿನ ಫಾರ್ಚುನರ್, ಎಂಡೆವರ್‌ಗಳು ದಕ್ಷಿಣಕ್ಕೆ ಹರಿದು ಬರುತ್ತಿವೆ. ಕರ್ನಾಟಕದಲ್ಲಿ ಹೊಸ ಕಾರಿನ ಜೀವಿತಾವಧಿ ತೆರಿಗೆ ಬೆಲೆಗನುಸಾರ ಶೇ. 13ರಿಂದ 18ರವರೆಗೆ, ಮೇಲೆ ಸೆಸ್. ಹೊರಗಿನಿಂದ ತಂದದ್ದಕ್ಕೆ ವಯಸ್ಸಿಗೆ ತಕ್ಕ ಕಡಿತ ಸಿಗುತ್ತದೆ, ಆದರೆ ಲೆಕ್ಕ ಶುರುವಾಗುವುದು ಹೊಸದರ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. ಆರ್‌ಟಿಒದಲ್ಲಿ ತೆರಿಗೆ ಎಷ್ಟಾಗುತ್ತದೆ ಎಂದು ಕೇಳಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ. ಅಲ್ಲಿಯ ಆರ್‌ಟಿಒ ಕೊಟ್ಟ ಫಾರಂ 28ರ ಎನ್‌ಒಸಿ ಇಲ್ಲದೆ ಗಾಡಿ ಮುಟ್ಟಲೇಬೇಡಿ.

ಖಾಸಗಿ ಗಾಡಿಯ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 13–14 ವರ್ಷದ ಗಾಡಿ ಕೊಳ್ಳುವವರು ಆ ಖರ್ಚು, ಹಸಿರು ತೆರಿಗೆ, ತಪಾಸಣೆಯಲ್ಲಿ ಪಾಸಾಗಲು ಬೇಕಾದ ಕೆಲಸ ಎಲ್ಲ ಸೇರಿಸಿಕೊಳ್ಳಬೇಕು.

ಕೆಳಗೆ ಮಲಗಿ: ಚಾಸಿಸ್

ಹಳೆಯ ಬಟ್ಟೆ, ಟಾರ್ಚ್, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ. ನಂಬರ್ ಪ್ಲೇಟೇ ಒಂದಿಷ್ಟು ಸುಳಿವು ಕೊಡುತ್ತದೆ. ಕೆಎ-19 ಮಂಗಳೂರು, ಕೆಎ-20 ಉಡುಪಿ, ಕೆಎ-30 ಕಾರವಾರ: ಉಪ್ಪುಗಾಳಿ, ತುಕ್ಕು. ಕೆಎ-12 ಮಡಿಕೇರಿ, ಕೆಎ-18 ಚಿಕ್ಕಮಗಳೂರು, ಕೆಎ-46 ಸಕಲೇಶಪುರ: ತುಕ್ಕು ಕಡಿಮೆ ಇರಬಹುದು, ಆದರೆ ಎಸ್ಟೇಟ್ ದುಡಿಮೆ. ಬೆಂಗಳೂರಿನಲ್ಲೇ ಬೆಳೆದ ಗಾಡಿಯ ತಳ ಸಾಮಾನ್ಯವಾಗಿ ಒಣಗಿರುತ್ತದೆ. ಅದರ ರೋಗ ಬೇರೆ, ಎಂಜಿನ್ ಭಾಗದಲ್ಲಿ ಹೇಳುತ್ತೇವೆ.

ಚಾಸಿಸ್ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ. ಒಳಗೆ ತುಕ್ಕು ತಿಂದ ಜಾಗ ಮಂಕಾಗಿ ದಪ್ ಎನ್ನುತ್ತದೆ, ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಪದರ ಉದುರುತ್ತದೆ. ಹಿಂದಿನ ಚಕ್ರದ ಮೇಲೆ ಚಾಸಿಸ್ ಕಮಾನಿನಂತೆ ಏರಿ ಇಳಿಯುವ ಜಾಗ, ಸ್ಪ್ರಿಂಗ್ ಹ್ಯಾಂಗರಿನ ಸಂದು, ಬ್ರೇಕ್ ಪೈಪಿನ ಕ್ಲಿಪ್ಪುಗಳ ಹಿಂದೆ, ಈ ಮೂರು ಕಡೆ ಕೆಸರು ಕೂತು ಒಳಗಿಂದೊಳಗೆ ತಿನ್ನುತ್ತದೆ. ನೀರು ಇಳಿದು ಹೋಗಲು ಚಾಸಿಸ್‌ನಲ್ಲಿ ಬಿಟ್ಟ ತೂತುಗಳೊಳಗೆ ಬೆರಳು ಹಾಕಿ. ಒಣ ಮಣ್ಣು ಬಂದರೆ ಸರಿ, ತುಕ್ಕಿನ ಚಕ್ಕೆ ಬಂದರೆ ಬೇಡ. ಮಾರುವ ಹಿಂದಿನ ವಾರ ಬಳಿದ ಹೊಳೆಯುವ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಕಂಡರೆ ಏನನ್ನೋ ಮುಚ್ಚಿದ್ದಾರೆ ಎಂದೇ ತಿಳಿಯಿರಿ.

ಬಿರುಕು ಹುಡುಕುವ ಜಾಗಗಳು ಬೇರೆ: ಸ್ಟಿಯರಿಂಗ್ ಬಾಕ್ಸ್ ಕೂರುವ ಕಡೆ, ಶಾಕ್ ಅಬ್ಸಾರ್ಬರ್ ಮೇಲ್ಗೂಟ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಟೋ ಹಿಚ್ ಸೇರಿಸಿದ ಜಾಗ. ಹಿಚ್ಚನ್ನು ಚಾಸಿಸ್‌ನ ಎರಡೂ ಬದಿಗೆ ಪ್ಲೇಟು ಕೊಟ್ಟು ಬೋಲ್ಟ್ ಹಾಕಿದ್ದರೆ ಕೆಲಸ ಗೊತ್ತಿದ್ದವರು ಮಾಡಿದ್ದಾರೆ. ಹಿಂದಿನ ಅಡ್ಡಪಟ್ಟಿಗೆ ನೇರ ವೆಲ್ಡ್ ಹೊಡೆದಿದ್ದರೆ ಆ ವೆಲ್ಡಿನ ಅಂಚಿನಲ್ಲಿ ಕೂದಲೆಳೆ ಬಿರುಕು ಹುಡುಕಿ, ಬಟ್ಟೆಯಿಂದ ಒರೆಸಿ ಟಾರ್ಚನ್ನು ಓರೆಯಾಗಿ ಹಿಡಿದರೆ ನೆರಳು ಬೀಳುತ್ತದೆ. ಹಿಚ್ ಬಿಚ್ಚಿಟ್ಟು ಗಾಡಿ ತೋರಿಸುವವರೂ ಇದ್ದಾರೆ. ಖಾಲಿ ಬೋಲ್ಟ್ ತೂತು, ಟೇಪ್ ಸುತ್ತಿದ ಟೈಲ್ ಲ್ಯಾಂಪ್ ವೈರು ಅದನ್ನು ಹೇಳಿಬಿಡುತ್ತವೆ. ಟ್ರೇಲರ್ ಎಳೆದದ್ದೇ ದೋಷವಲ್ಲ. ಮುಚ್ಚಿಡುವುದು ದೋಷ.

ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಎಡಬಲದಲ್ಲಿ 15–20 ಮಿ.ಮೀ. ಮೀರಿ ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಕೂತಿದೆ, ಇಲ್ಲವೇ ಚಾಸಿಸ್ ತಿರುಚಿದೆ.

ನೀರಿನಲ್ಲಿ ಮುಳುಗಿದ ಗಾಡಿಯ ಪ್ರಶ್ನೆ ಈ ಊರಿನಲ್ಲಿ ಸುಮ್ಮನೆ ಕೇಳುವುದಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟುಗಳಲ್ಲೇ ದುಬಾರಿ ಗಾಡಿಗಳು ಮುಳುಗಿದ್ದವು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಯಾವಾಗಲೂ ಸುತ್ತಿಕೊಂಡೇ ಇರುವ ಕೊನೆಯ ಅಡಿಯಲ್ಲಿ ಕೆಸರುನೀರಿನ ಗೆರೆ ಉಳಿದಿರುತ್ತದೆ. ಸೀಟಿನಡಿಯ ಹಳಿಯ ಬೋಲ್ಟು, ಕಾರ್ಪೆಟ್ ಕೆಳಗಿನ ವೈರ್ ಕನೆಕ್ಟರಿನ ಹಸಿರು ಕಿಲುಬು ಕೂಡ ನೋಡಿ.

ಫೋರ್ ವೀಲ್ ಕೆಲಸ ಮಾಡುತ್ತದೆಯೇ

ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಎಷ್ಟೋ ಗಾಡಿಗಳು ಹುಟ್ಟಿದಾಗಿನಿಂದ ಒಮ್ಮೆಯೂ ಫೋರ್ ವೀಲ್‌ಗೆ ಬಿದ್ದಿರುವುದಿಲ್ಲ. ಬಳಸಿ ಸವೆದದ್ದಕ್ಕಿಂತ ಬಳಸದೆ ಹಿಡಿದುಕೊಂಡದ್ದೇ ಹೆಚ್ಚು. ನಾಬ್ ತಿರುಗಿಸಿ ಬದಲಿಸುವ ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯ) ಶಿಫ್ಟ್ ಮೋಟಾರ್ ತುಕ್ಕು ಹಿಡಿಯುತ್ತದೆ. ಮೊದಲ ಪೀಳಿಗೆಯ ಥಾರ್ ಡೀಸೆಲ್‌ನಂಥವುಗಳಲ್ಲಿ ಮುಂದಿನ ಹಬ್ ವ್ಯಾಕ್ಯೂಮ್‌ನಿಂದ ಸೇರುತ್ತದೆ. ರಬ್ಬರ್ ಪೈಪ್ ಒಡೆದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿದರೂ ಮುಂದಿನ ಚಕ್ರಕ್ಕೆ ಬಲ ಹೋಗುವುದಿಲ್ಲ. ಆದ್ದರಿಂದ ದೀಪ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಪಾರ್ಟ್ ಟೈಮ್, ಅಂದರೆ ಬೇಕಾದಾಗ ಮಾತ್ರ ಫೋರ್ ವೀಲ್ ಸೇರಿಸುವ ವ್ಯವಸ್ಥೆಯಿದ್ದರೆ ಒಣ ಡಾಂಬರಿನ ಮೇಲೆ 4ಹೆಚ್‌ಗೆ (ಫೋರ್ ವೀಲ್, ಮಾಮೂಲಿ ಗೇರ್) ಹಾಕಿ ತಿರುಗಿಸಬೇಡಿ. ಮುಂದಿನ ಹಿಂದಿನ ಆಕ್ಸಲ್ ಬೇರೆ ಬೇರೆ ದೂರ ಕ್ರಮಿಸಲು ನೋಡುತ್ತವೆ, ನಡುವೆ ಬಿಡುವಿಲ್ಲದ ಕಾರಣ ಗೇರು, ಶಾಫ್ಟುಗಳು ತಿರುಚಿಕೊಳ್ಳುತ್ತವೆ. ಸಡಿಲ ಮಣ್ಣಿನ ಜಾಗ ಬೇಕು, ಅದೂ ಖಾಸಗಿ ಜಾಗ ಮತ್ತು ಮಾಲೀಕರ ಒಪ್ಪಿಗೆ. ಸಾವನದುರ್ಗ, ಬನ್ನೇರುಘಟ್ಟದ ಅರಣ್ಯದಂಚಿನಲ್ಲಿ ಗಾಡಿ ಇಳಿಸಿದರೆ ಕೇಸ್ ಬೀಳುತ್ತದೆ, ಕೆರೆ ಅಂಗಳವೂ ಬೇಡ.

ಮಣ್ಣಿನಲ್ಲಿ ಹೀಗೆ ಮಾಡಿ:

1. ನೇರ ಹೋಗುತ್ತ 20 ಕಿ.ಮೀ. ವೇಗದ ಒಳಗೆ 4ಹೆಚ್‌ಗೆ ಹಾಕಿ. ಕೆಲವೇ ಸೆಕೆಂಡಿನಲ್ಲಿ ಸೇರಬೇಕು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿದಾಗ ಗಾಡಿ ಬಿಗಿದು ತಡವರಿಸಿದ ಹಾಗಾದರೆ ಫೋರ್ ವೀಲ್ ನಿಜಕ್ಕೂ ಸೇರಿದೆ ಎಂದರ್ಥ. ಟೂ ವೀಲ್‌ನಂತೆಯೇ ಸಲೀಸಾಗಿ ತಿರುಗಿದರೆ ಸೇರಿಲ್ಲ.
2. ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು 4ಎಲ್‌ಗೆ (ಫೋರ್ ವೀಲ್, ಲೋ ರೇಂಜ್) ಹಾಕಿ. ಒಂದನೇ ಗೇರಿನಲ್ಲಿ ಕ್ಲಚ್ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ದಿಬ್ಬ ಹತ್ತಿಸಿ, ಅದೇ ಗೇರಿನಲ್ಲಿ ಬ್ರೇಕ್ ಒತ್ತದೆ ಇಳಿಸಿ. ಗೇರ್ ಚಿಮ್ಮಿ ಹೊರಬಂದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕಾಗುತ್ತದೆ.
3. ಓರೆಯಾಗಿ ಒಂದು ಸಣ್ಣ ಹಳ್ಳ ದಾಟಿಸಿ, ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತೂಗುವಂತೆ. ಟೂ ವೀಲ್‌ನಲ್ಲಿ ಸಿಕ್ಕಿಕೊಂಡದ್ದು ಫೋರ್ ವೀಲ್‌ನಲ್ಲಿ ಹೊರಬರಬೇಕು. ಡಿಫರೆನ್ಷಿಯಲ್ ಲಾಕ್ ಇರುವ ಗಾಡಿಯಾದರೆ ಅದನ್ನು ಪರೀಕ್ಷಿಸುವ ಜಾಗವೂ ಇದೇ.

ಆಮೇಲೆ ಎಣ್ಣೆ. ಹಿಂದಿನ ಡಿಫರೆನ್ಷಿಯಲ್ ಹೌಸಿಂಗಿನ ಫಿಲ್ಲರ್ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿ. ಹಾಲು ಬೆರೆತ ಕಾಫಿ ಬಣ್ಣ ಬಂದರೆ ಒಳಗೆ ನೀರಿದೆ. ಹೊಳೆ ದಾಟುವಾಗ ಬಿಸಿ ಹೌಸಿಂಗ್ ಥಟ್ಟನೆ ತಣ್ಣಗಾಗಿ ಒಳಗೆ ನಿರ್ವಾತ ಉಂಟಾಗುತ್ತದೆ; ಗಾಳಿಯಾಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೆ ಸೀಲಿನ ಮೂಲಕ ನೀರು ಎಳೆದುಕೊಳ್ಳುತ್ತದೆ. ಬೆಳ್ಳಿಪುಡಿಯಂಥದ್ದು ಸ್ವಲ್ಪ ಇದ್ದರೆ ಸಹಜ, ಉಗುರಿಗೆ ಸಿಗುವ ಚೂರು ಇದ್ದರೆ ಒಳಗಿನ ಗೇರುಗಳಾದ ಕ್ರೌನ್ ಪಿನಿಯನ್ ಸವೆಯುತ್ತಿದೆ. ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಪ್ರೊಪೆಲರ್ ಶಾಫ್ಟ್ (ಡಿಫರೆನ್ಷಿಯಲ್‌ಗೆ ಬಲ ಒಯ್ಯುವ ಉದ್ದ ದಂಡ) ಹಿಡಿದು ಎರಡೂ ಕಡೆ ತಿರುಗಿಸಿ ನೋಡಿ. ಯುಜೆ ಕ್ರಾಸ್ (ಶಾಫ್ಟಿನ ಕೀಲು) ಟಕ್ ಎಂದರೆ ಸಣ್ಣ ಖರ್ಚು, ಪಿನಿಯನ್ನೇ ಆಡಿದರೆ ದೊಡ್ಡ ಖರ್ಚು.

ನಾಲ್ಕೂ ಟೈರು ಒಂದೇ ಸೈಜು, ಒಂದೇ ಮಾದರಿ ಇರಲಿ. ಮುಂದೆ ಹೊಸದು ಹಿಂದೆ ಬೋಳು ಎಂದಾದರೆ ಸುತ್ತಳತೆ ವ್ಯತ್ಯಾಸವಾಗಿ ಫೋರ್ ವೀಲ್‌ನಲ್ಲಿ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಟೈರಿನ ಪಕ್ಕದ ನಾಲ್ಕಂಕಿ ನೋಡಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು.

ಎಂಜಿನ್: ತಣ್ಣಗಿರುವಾಗ

ಬೆಳಿಗ್ಗೆಯೇ ಹೋಗಿ, 'ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ' ಎಂದು ಮೊದಲೇ ಹೇಳಿ. ಹೋದೊಡನೆ ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಕೋಲ್ಡ್ ಸ್ಟಾರ್ಟಿನ ತೊಂದರೆ ಮುಚ್ಚುತ್ತಿದ್ದಾರೆ, ಇನ್ನೊಂದು ದಿನ ಬರುತ್ತೇವೆ ಎನ್ನಿ. ಬೆಂಗಳೂರಿನ ಹವೆಯಲ್ಲಿ ಆರೋಗ್ಯವಾದ ಡೀಸೆಲ್ ಎಂಜಿನ್ ಮೂರು ಸೆಕೆಂಡಿನ ಒಳಗೆ ಹೊತ್ತಿಕೊಳ್ಳಬೇಕು. ಹೊಗೆಯನ್ನು ಹಿಂದೆ ನಿಂತು ನೋಡಲು ಒಬ್ಬರನ್ನು ಕರೆದುಕೊಂಡು ಹೋಗಿ. ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕಪ್ಪು ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು: ಏರ್ ಫಿಲ್ಟರ್, ಟರ್ಬೋ ಪೈಪಿನ ಸೋರಿಕೆ, ಇಜಿಆರ್ (ಒಂದಿಷ್ಟು ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವು), ಇಂಜೆಕ್ಟರ್ ಈ ಕ್ರಮದಲ್ಲಿ ನೋಡಿಸಿ. ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ, ಕಣ್ಣು ಉರಿಸುವ ಡೀಸೆಲ್ ವಾಸನೆ ಎಂದರೆ ಇಂಜೆಕ್ಟರ್. ಬಿಳಿ ಹೊಗೆ, ಸಿಹಿ ವಾಸನೆ ಎಂದರೆ ಕೂಲೆಂಟ್ ಸಿಲಿಂಡರ್ ಒಳಗೆ ಸೇರುತ್ತಿದೆ. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ಎಂಜಿನ್ ಇನ್ನೂ ತಣ್ಣಗಿರುವಾಗ, ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಎಳೆಯುವ ಗಾಡಿಗೆ ಇದಕ್ಕಿಂತ ಕೆಟ್ಟ ಲಕ್ಷಣವಿಲ್ಲ.

ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಕ್ಯಾಪ್ ಬಿಚ್ಚಿ ಮಗುಚಿ ಅದೇ ತೂತಿನ ಮೇಲಿಡಿ. ಸ್ವಲ್ಪ ಕುಣಿಯುವುದು ಸಹಜ. ಹಾರಿ ಬಿದ್ದರೆ, ಬುಸುಬುಸು ಹೊಗೆ ಎದ್ದರೆ, ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಶನ್ ಎನ್ನುವುದು ಇದೇ: ಪಿಸ್ಟನ್ ರಿಂಗ್ ಸವೆದು ಎಂಜಿನ್ ಇಳಿಸುವ ಕಾಲ ಬಂದಿದೆ.

ಕಾಮನ್ ರೈಲ್ (ಒಂದೇ ಒತ್ತಡದ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹೋಗುವ) ಗಾಡಿಗೆ ಇಂಜೆಕ್ಟರ್ ರಿಟರ್ನ್ ಟೆಸ್ಟ್ ಮಾಡಿಸದೆ ದುಡ್ಡು ಕೊಡಬೇಡಿ. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪ್ ಬಿಚ್ಚಿ ಒಂದೇ ಅಳತೆಯ ಸಣ್ಣ ಬಾಟಲಿಗೆ ಬಿಡುತ್ತಾರೆ, ಎಂಜಿನ್ ಎರಡು ಮೂರು ನಿಮಿಷ ಐಡ್ಲಿಂಗ್ ಓಡುತ್ತದೆ. ಎಲ್ಲ ಬಾಟಲಿಯಲ್ಲೂ ಡೀಸೆಲ್ ಹೆಚ್ಚುಕಡಿಮೆ ಒಂದೇ ಮಟ್ಟ ಇರಬೇಕು. ಒಂದರಲ್ಲಿ ಉಳಿದವಕ್ಕಿಂತ ದುಪ್ಪಟ್ಟು ತುಂಬಿದರೆ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ಮೈಕೋ (ಈಗಿನ ಬಾಷ್) ಇದ್ದ ಊರಿದು. ಪಂಪು, ಇಂಜೆಕ್ಟರ್ ಕೆಲಸ ಬಲ್ಲ ಹಳೆಯ ಕೈಗಳು ಇನ್ನೂ ಇವೆ, ಅಂಥವರಲ್ಲೇ ಮಾಡಿಸಿ.

ಸ್ಕ್ಯಾನರ್ ಹಾಕಿಸಿದಾಗ ಕೇವಲ 'ಕೋಡ್ ಏನೂ ಇಲ್ಲ' ಎಂಬ ಮಾತಿಗೆ ಒಪ್ಪಬೇಡಿ. ಕೋಡ್ ಅಳಿಸಿದ ಮೇಲೆ ಓಡಿದ ದೂರ ಎಂಬ ಅಂಕಿ ತೋರಿಸಲು ಹೇಳಿ. ಅದು 12 ಕಿ.ಮೀ. ಎಂದಿದ್ದರೆ ನಿನ್ನೆಯೇ ಯಾರೋ ಒರೆಸಿಹಾಕಿದ್ದಾರೆ.

ಇನ್ನು ಬೆಂಗಳೂರಿನ ಗಾಡಿಯ ರೋಗ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್‌ಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿದರೆ ಅದು ತಾನೇ ಮಸಿ ಸುಟ್ಟುಕೊಳ್ಳುತ್ತದೆ. ಸಿಲ್ಕ್ ಬೋರ್ಡ್, ಹೊರವರ್ತುಲ ರಸ್ತೆ ಎಂದು ದಿನಾ ಹತ್ತು ಕಿ.ಮೀ. ತೆವಳುವ ಗಾಡಿಯಲ್ಲಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮಸಿ ಸುಡಲೆಂದು ಸಿಂಪಡಿಸಿದ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್‌ಗೆ ಬೆರೆಯುತ್ತದೆ. ಡಿಪ್‌ಸ್ಟಿಕ್ ತೆಗೆದಾಗ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ ಅದೇ ಕಥೆ. ತೆಳುವಾದ ಆ ಆಯಿಲ್ ಬೇರಿಂಗ್, ಟರ್ಬೋ ಎರಡನ್ನೂ ತಿನ್ನುತ್ತದೆ. ಬಿಎಸ್-6 ಗಾಡಿಯ ಸೈಲೆನ್ಸರ್ ತುದಿಯೊಳಗೆ ಬೆರಳಾಡಿಸಿ: ಡಿಪಿಎಫ್ ಸರಿಯಿದ್ದರೆ ಬೆರಳು ಹೆಚ್ಚುಕಡಿಮೆ ಸ್ವಚ್ಛ, ಕರಿ ಮಸಿ ಹತ್ತಿದರೆ ಅದನ್ನು ಒಡೆದು ಖಾಲಿ ಮಾಡಿದ್ದಾರೆ. ಆದ್ದರಿಂದ ನಮ್ಮ ಮಟ್ಟಿಗೆ 40 ಸಾವಿರ ಕಿ.ಮೀ. ಊರೊಳಗೇ ಓಡಿದ ಗಾಡಿಗಿಂತ ಹುಬ್ಬಳ್ಳಿ ಹೈವೇಯಲ್ಲಿ 1.2 ಲಕ್ಷ ಓಡಿ, ಸರ್ವಿಸ್ ದಾಖಲೆ ಪೂರ್ತಿ ಇರುವ ಗಾಡಿಯೇ ಮೇಲು.

ಮಾಡೆಲ್‌ವಾರು ಎರಡು ಮಾತು. ಹಳೆಯ 3.0 ಲೀಟರ್ ಫಾರ್ಚುನರ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ. ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ. ಅದು ತುಂಡಾದರೆ ವಾಲ್ವು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹೋಗುತ್ತದೆ. ಎಂಡೆವರ್ 3.2ರಲ್ಲಿ ಆಯಿಲ್ ಬದಲಿಸುವಾಗ ಹಳೆಯದನ್ನು ಬಹಳ ಹೊತ್ತು ಬಸಿಯಲು ಬಿಟ್ಟರೆ ಆಯಿಲ್ ಪಂಪ್ ಒಣಗಿ, ಮುಂದಿನ ಸ್ಟಾರ್ಟಿನಲ್ಲಿ ಒತ್ತಡ ಬಾರದೆ ಎಂಜಿನ್ ಜಾಮ್ ಆಗುವ ಅಪಾಯವಿದೆ. ಎಲ್ಲಿ ಸರ್ವಿಸ್ ಆಗಿದೆ ಎಂಬುದು ಅದಕ್ಕೇ ಮುಖ್ಯ.

ರಸ್ತೆಯಲ್ಲಿ

ಎರಡು ಪರೀಕ್ಷೆ ಸಾಕು. ನೈಸ್ ರಸ್ತೆಯಂಥ ಕಡೆ ಮಿತಿಯೊಳಗಿನ ಸ್ಥಿರ ವೇಗದಲ್ಲಿ ಸ್ಟಿಯರಿಂಗ್ ನಡುಕ, ಡಿಫರೆನ್ಷಿಯಲ್ ಗುಂಯ್‌ಗುಡುವಿಕೆ ಗಮನಿಸಿ. ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಸದ್ದು ಬಂದರೂ ಸವೆತವೇ. ಆಮೇಲೆ ವಾರದ ದಿನ ನಂದಿ ಬೆಟ್ಟ: ಎಸಿ ಹಾಕಿ, ನಾಲ್ವರು ಕೂತು, ಎರಡನೇ ಗೇರಿನಲ್ಲಿ ಎಳೆಸುತ್ತ ಹತ್ತಿಸಿ. ಸ್ಕ್ಯಾನರಿನಲ್ಲಿ ಕೂಲೆಂಟ್ ಬಿಸಿ 100 ಡಿಗ್ರಿ ಆಸುಪಾಸಿನಲ್ಲಿ ನಿಂತರೆ ಸರಿ, ಏರುತ್ತಲೇ ಹೋದರೆ ರೇಡಿಯೇಟರ್ ಅಥವಾ ಫ್ಯಾನ್ ಕ್ಲಚ್ ಸೋತಿದೆ. ಟ್ರೇಲರಿಲ್ಲದೆ ಬಿಸಿಯಾಗುವ ಗಾಡಿ ಟ್ರೇಲರ್ ಕಟ್ಟಿದರೆ ಶಿರಾಡಿಯಲ್ಲೇ ಕುದಿಯುತ್ತದೆ. ಹತ್ತುವಾಗ ಟ್ಯಾಕೋಮೀಟರ್ ಮುಳ್ಳು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹಿಂದೆ ಟ್ರೇಲರ್ ಎಳೆದ ಮ್ಯಾನುಯಲ್ ಗಾಡಿಯಲ್ಲಿ ಮೊದಲು ಸಾಯುವುದು ಅದೇ, ಜೊತೆಗೆ ಡುಯಲ್ ಮಾಸ್ ಫ್ಲೈವೀಲ್ (ಎಂಜಿನ್ ನಡುಕ ತಗ್ಗಿಸುವ ಜೋಡಿ ಚಕ್ರ) ಇದ್ದರೆ ಖರ್ಚು ಹಲವು ಪಟ್ಟು. ಆಟೊಮ್ಯಾಟಿಕ್ ಆದರೆ ಗೇರ್ ಆಯಿಲ್ ಸುಟ್ಟ ವಾಸನೆ ಬಂದು ಕಂದು ತಿರುಗಿದ್ದರೆ ಬೇಡವೇ ಬೇಡ.

ಬೆಲೆ, ವರ್ಗಾವಣೆ

ಕಂಡ ದೋಷಗಳಿಗೆ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ರೇಟ್, ಗ್ಯಾರೇಜಿನಲ್ಲಿ ಕೂಲಿ ಕೇಳಿ ಬರೆದಿಡಿ. ಚೌಕಾಸಿಗೆ ಆ ಚೀಟಿಗಿಂತ ದೊಡ್ಡ ಅಸ್ತ್ರವಿಲ್ಲ. ಒಟ್ಟು ಬಜೆಟ್ಟಿನಲ್ಲಿ ಶೇ. 15–20ನ್ನು ಮೊದಲ ವರ್ಷದ ಕೆಲಸಕ್ಕೆಂದು ಮುಟ್ಟದೆ ಇಡಿ.

ಮಾರುವವರಿಂದ ಫಾರಂ 29, ಇಬ್ಬರ ಸಹಿಯ ಫಾರಂ 30, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದ್ದನ್ನು ದಾಖಲಿಸುವ ಫಾರಂ 35 ಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗಾಡಿ ಕೈಗೆ ಬಂದ ದಿನಾಂಕದ ಜೊತೆ ಗಂಟೆ ನಿಮಿಷವನ್ನೂ ನಮೂದಿಸಿದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಹಾಕಿ. ಹಿಂದಿನ ದಿನದ ಸಿಗ್ನಲ್ ಜಂಪ್ ಯಾರ ತಲೆಗೆ ಎಂಬ ಜಗಳ ತಪ್ಪುತ್ತದೆ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಯೇ ಹೋಗುತ್ತದೆ, ಆ ವ್ಯತ್ಯಾಸ ನೀವು ಕಟ್ಟಬೇಕು.

ಮನೆಗೆ ತಂದ ಮೊದಲ ವಾರ

'ಈಗಷ್ಟೇ ಸರ್ವಿಸ್ ಆಗಿದೆ' ಎಂಬ ಮಾತನ್ನು ಕೇಳಿಸಿಕೊಂಡು ಎಲ್ಲ ಎಣ್ಣೆಯನ್ನೂ ಬದಲಿಸಿ: ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಹಿಂದಿನ ಡಿಫರೆನ್ಷಿಯಲ್, ಬ್ರೇಕ್, ಕೂಲೆಂಟ್. ಎಂಜಿನ್ನಿಗೆ 6ರಿಂದ 10 ಲೀಟರ್, ಒಂದೊಂದು ಡಿಫರೆನ್ಷಿಯಲ್‌ಗೆ ಒಂದೂವರೆಯಿಂದ ಮೂರು, ಟ್ರಾನ್ಸ್‌ಫರ್ ಕೇಸಿಗೆ ಒಂದರಿಂದ ಒಂದೂವರೆ ಲೀಟರ್ ಹಿಡಿದೀತು; ನಿಖರ ಅಳತೆ, ಗ್ರೇಡ್ ಕೈಪಿಡಿಯಲ್ಲಿದೆ. ಡಿಪಿಎಫ್ ಇದ್ದರೆ ಕಡಿಮೆ ಬೂದಿಯ ಆಯಿಲ್ಲೇ ಆಗಬೇಕು. ಡಿಫರೆನ್ಷಿಯಲ್‌ನ ಮೇಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ, ಅದು ಬಂದ ಮೇಲೆಯೇ ಕೆಳಗಿನ ಡ್ರೈನ್ ಪ್ಲಗ್. ತಿರುವುಮುರುವು ಮಾಡಿ, ಫಿಲ್ಲರ್ ಹಿಡಿದುಕೊಂಡರೆ ಗಾಡಿ ಎಣ್ಣೆಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಹೊಸದು. ಪ್ರೊಪೆಲರ್ ಶಾಫ್ಟಿನ ನಿಪ್ಪಲ್‌ಗಳಿಗೆ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸ ಗ್ರೀಸ್.

ಕಚ್ಚಾ ದಾರಿಗೆ ಇಳಿಯುವ ಮುಂಚೆ ಕೊಳ್ಳಬೇಕಾದ್ದು ವಿಂಚ್ ಅಲ್ಲ. ಟೈರ್ ಗೇಜ್, ಗಾಳಿ ತುಂಬುವ ಕಂಪ್ರೆಸರ್, 8–9 ಮೀಟರ್ ಕೈನೆಟಿಕ್ ಸ್ಟ್ರಾಪ್ (ಹಿಗ್ಗುವ ಎಳೆಪಟ್ಟಿ), 4.75 ಟನ್ ಅಂಕಿ ಎರಕವಾಗಿರುವ ಎರಡು ಶ್ಯಾಕಲ್ (ಪಟ್ಟಿ ಸಿಕ್ಕಿಸುವ ಉಕ್ಕಿನ ಕೊಂಡಿ). ಡಾಂಬರು ರಸ್ತೆಗೆಂದು ಟೈರಿಗೆ ತುಂಬಿದ ಗಾಳಿಯ ಒತ್ತಡವನ್ನು ಕೆಸರು, ಮರಳಿನಲ್ಲಿ 18–20 ಪಿಎಸ್‌ಐಗೆ ಇಳಿಸಿದರೆ ಅರ್ಧಕ್ಕರ್ಧ ಸಿಕ್ಕಿಕೊಳ್ಳುವುದೇ ತಪ್ಪುತ್ತದೆ. ವಾಪಸ್ ಡಾಂಬರಿಗೆ ಬಂದಾಗ ತುಂಬಿಸಿಯೇ ಹೊರಡಿ. ಸಿಕ್ಕಿಕೊಂಡ ಗಾಡಿಯನ್ನು ಎಳೆಯಲು ಟೋ ಬಾಲ್‌ಗೆ ಸ್ಟ್ರಾಪ್ ಹಾಕಲೇಬೇಡಿ. ಬಾಲ್ ಇರುವುದು ಉರುಳುವ ಟ್ರೇಲರಿಗೆ. ಜಗ್ಗಿದ ಏಟಿಗೆ ಅದು ಮುರಿದರೆ ಸ್ಟ್ರಾಪಿನ ಬಲವನ್ನೆಲ್ಲ ಹೊತ್ತು ಇನ್ನೊಂದು ಗಾಡಿಯ ಗಾಜು ಒಡೆದು ಒಳಗೆ ಬರುತ್ತದೆ. ಚಾಸಿಸ್‌ಗೆ ಬೋಲ್ಟ್ ಮಾಡಿದ ರಿಕವರಿ ಪಾಯಿಂಟ್ ಮುಂದೊಂದು ಹಿಂದೊಂದು ಇವೆಯೇ ಎಂದು ಮೊದಲ ವಾರವೇ ನೋಡಿಕೊಳ್ಳಿ, ಇಲ್ಲದಿದ್ದರೆ ಹಾಕಿಸಿ. ಟ್ರೇಲರಿನ ಮೊದಲ ಓಟ ಖಾಲಿ ಟ್ರೇಲರ್ ಜೊತೆ ಸಪಾಟು ರಸ್ತೆಯಲ್ಲಿರಲಿ. 20 ಕಿ.ಮೀ. ಆದ ಮೇಲೆ ನಿಲ್ಲಿಸಿ ಹಿಚ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿ ಮಾಡಿ, ಟ್ರೇಲರಿನ ಹಬ್ ಮುಟ್ಟಿ ನೋಡಿ. ಒಂದು ಹಬ್ ಇನ್ನೊಂದಕ್ಕಿಂತ ಬಿಸಿಯಿದ್ದರೆ ಆ ಬೇರಿಂಗ್ ಬಿಚ್ಚಿಸಿ ನೋಡದೆ ಮುಂದೆ ಹೋಗಬೇಡಿ.